ಕರಗುವ ಕ್ರೇಯಾನ್ ಯಾವುದು, ಕರಗದ್ದು ಯಾವುದು? ಮಕ್ಕಳ ಜೊತೆ ಮೇಣದ ಚಿತ್ರ ಮಾಡಲು ಬೇಕಾಗುವ ಸಾಮಾನುಗಳ ವಿಮರ್ಶೆ

ಕ್ರೇಯಾನ್‌ಗಳನ್ನು ಹಲಗೆಯ ಮೇಲಂಚಿಗೆ ಸಾಲಾಗಿ ಅಂಟಿಸಿ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದರೆ ಬಣ್ಣದ ಮೇಣ ಕರಗಿ ಮಳೆನೀರಿನಂತೆ ಕೆಳಗಿಳಿಯುತ್ತದೆ. ಕಾಲು ಗಂಟೆಯ ಕೆಲಸ. ಆದರೂ ಬಹಳ ಮನೆಗಳಲ್ಲಿ ಇದು ಮೊದಲ ಸಲ ಕೆಡುತ್ತದೆ. ಮಗು ಡ್ರೈಯರ್ ಮುಂದೆ ಹತ್ತು ನಿಮಿಷ ಕಾದು ಕೂತರೂ ಒಂದು ಹನಿ ಹರಿಯುವುದಿಲ್ಲ. ಡ್ರೈಯರ್ ಸರಿಯಿಲ್ಲ ಎಂದು ಅದರ ಮೇಲೆ ತಪ್ಪು ಹೊರಿಸುತ್ತಾರೆ. ತಪ್ಪು ಹೆಚ್ಚಿನ ಸಲ ಡ್ರೈಯರಿನದಲ್ಲ, ಡಬ್ಬಿಯದು. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಾಗಲಿ ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲಾಗಲಿ ಸ್ಟೇಷನರಿ ಅಂಗಡಿಗೆ ಹೋಗಿ ಬರೀ ‘ಕ್ರೇಯಾನ್ ಕೊಡಿ’ ಎಂದರೆ ಮೂರು ಬೇರೆ ಬೇರೆ ವಸ್ತುಗಳಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು. ಮೂರಕ್ಕೂ ಜನ ಕ್ರೇಯಾನ್ ಎಂದೇ ಅನ್ನುತ್ತಾರೆ. ಅವುಗಳಲ್ಲಿ ಈ ಕೆಲಸಕ್ಕೆ ಬರುವುದು ಒಂದೇ.

ಅದು ಮೇಣದ ಕ್ರೇಯಾನ್, ಡಬ್ಬಿಯ ಮೇಲೆ ‘ವ್ಯಾಕ್ಸ್ ಕ್ರೇಯಾನ್’ ಎಂದು ಬರೆದಿರುವುದು. ಪ್ರತಿ ಕಡ್ಡಿಗೂ ಕಾಗದ ಸುತ್ತಿರುತ್ತದೆ. ಬಗ್ಗಿಸಿದರೆ ಟಕ್ಕನೆ ಮುರಿಯುತ್ತದೆ, ಮೂಸಿದರೆ ಮೇಣದಬತ್ತಿಯ ವಾಸನೆ, ಉಗುರಿನಿಂದ ಗೀರಿದರೆ ಸಣ್ಣ ಸುರುಳಿ ಏಳುತ್ತದೆ. ಒಳಗಿರುವುದು ಪ್ಯಾರಾಫಿನ್ ಮೇಣ, ಬಣ್ಣದ ಪುಡಿ, ಗಟ್ಟಿತನಕ್ಕೆ ಸ್ವಲ್ಪ ಸ್ಟಿಯರಿಕ್ ಆಮ್ಲ. 1903ರಲ್ಲಿ ಅಮೆರಿಕದ ಬಿನ್ನಿ ಅಂಡ್ ಸ್ಮಿತ್ ಕಂಪನಿ ಎಂಟು ಬಣ್ಣಗಳ ಕ್ರೇಯೋಲಾ ಡಬ್ಬಿಯನ್ನು ಮಾರುಕಟ್ಟೆಗೆ ಬಿಟ್ಟಾಗಲೂ ಮೂಲ ವಸ್ತು ಪ್ಯಾರಾಫಿನ್ನೇ. ಇದು 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಮನೆಯ ಹೇರ್ ಡ್ರೈಯರಿನ ಗಾಳಿಗೆ ಅಷ್ಟು ಬಿಸಿ ಸುಲಭ.

ಎರಡನೆಯದು ಪ್ಲಾಸ್ಟಿಕ್ ಕ್ರೇಯಾನ್. ಕಾಗದದ ಹೊದಿಕೆ ಇರುವುದಿಲ್ಲ, ಮೈ ಹೊಳೆಯುತ್ತದೆ, ಕೈಗೆ ಬಣ್ಣ ಹತ್ತುವುದಿಲ್ಲ, ಪೆನ್ಸಿಲಿನ ಹಾಗೆ ಶಾರ್ಪನರಿನಲ್ಲಿ ಹೆರೆಯಬಹುದು. ಶಾಲೆಯ ಚೀಲಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ, ಮುರಿಯುವುದಿಲ್ಲ ಎಂಬ ಕಾರಣಕ್ಕೆ ಅಂಗಡಿಯವರೂ ಮೊದಲು ಇದನ್ನೇ ಮುಂದಿಡುತ್ತಾರೆ. ಆದರೆ ಇದರ ಮೈ ಪಾಲಿಥೀನಿನದು. ಕರಗಲು 100 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು, ಕರಗಿದರೂ ನೀರಾಗಿ ಹರಿಯದೆ ಅಂಟಂಟಾಗಿ ಎಳೆಯುತ್ತದೆ. ಡ್ರೈಯರಿಗೆ ಬಗ್ಗುವುದಿಲ್ಲ ಎಂದು ಹೀಟ್ ಗನ್ (ಡ್ರೈಯರಿಗಿಂತ ಎಷ್ಟೋ ಬಿಸಿಯಾದ ಗಾಳಿ ಊದುವ ಯಂತ್ರ) ಹಿಡಿದರೆ ಹೊಗೆ, ವಾಸನೆ. ಮೇಣದ ಚಿತ್ರಕ್ಕೆ ಇದಕ್ಕೆ ಸೊನ್ನೆ ಅಂಕ.

ಮೂರನೆಯದು ಆಯಿಲ್ ಪೇಸ್ಟಲ್. 1925ರಲ್ಲಿ ಜಪಾನಿನ ಸಕುರಾ ಕಂಪನಿ ಹೊರತಂದ ಬಗೆ ಇದು. ಬಣ್ಣ ಗಾಢ, ಕಾಗದದ ಮೇಲೆ ಬೆರಳಿನಿಂದ ತೀಡಲು ಭಾಳ ಚಂದ. ಇದರಲ್ಲಿ ಮೇಣದ ಜೊತೆ ಎಂದೂ ಒಣಗದ ಎಣ್ಣೆ ಇರುತ್ತದೆ. ಬಿಸಿ ತಾಗಿದಾಗ ಹರಿಯುವುದಕ್ಕಿಂತ ಬೆಣ್ಣೆಯ ಹಾಗೆ ಕುಸಿಯುತ್ತದೆ, ಎಣ್ಣೆ ಬೇರ್ಪಟ್ಟು ಹಲಗೆಗೆ ಇಳಿದು ಸುತ್ತ ಕಲೆ ಮಾಡುತ್ತದೆ, ತಣ್ಣಗಾದ ಮೇಲೂ ಅಂಟು ಹೋಗುವುದಿಲ್ಲ. ಗಣಿಯ ಕೆಂಪು ಧೂಳು ಕಿಟಕಿ ಹಾಕಿದ್ದರೂ ಒಳಬರುವ ಸಂಡೂರು, ಬಳ್ಳಾರಿ ಕಡೆಯ ಮನೆಗಳಲ್ಲಿ ಅಂಥ ಅಂಟು ಮೈಯ ಚಿತ್ರ ಸ್ವಲ್ಪ ದಿನದಲ್ಲೇ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಬೇಡ.

ಡಬ್ಬಿಯ ಮೇಲೆ ಏನೂ ಸರಿಯಾಗಿ ಬರೆದಿಲ್ಲವೆಂದರೆ ಮನೆಯಲ್ಲಿ ಎರಡು ನಿಮಿಷದ ಪರೀಕ್ಷೆ ಇದೆ. ಸ್ಟೀಲ್ ಲೋಟಕ್ಕೆ ಆಗ ತಾನೇ ಕುದಿದ ನೀರು ಹಾಕಿ, ಕಾಗದ ಬಿಡಿಸಿದ ಅರ್ಧ ಇಂಚಿನ ಚೂರು ಬಿಡಿ. ದೊಡ್ಡವರೇ ಮಾಡಲಿ. ಮೇಣದ್ದಾದರೆ ಅಂಚು ಕರಗಿ ಬಣ್ಣದ ಹನಿಗಳು ಬಿಡುತ್ತವೆ, ಪ್ಲಾಸ್ಟಿಕ್ ಆದರೆ ಚೂರು ತನ್ನ ಆಕಾರ ಬಿಡುವುದಿಲ್ಲ. ಅದೇ ಲೋಟದ ತಳ ನೋಡಿದರೆ ಇನ್ನೊಂದು ಸಂಗತಿಯೂ ಗೊತ್ತಾಗುತ್ತದೆ. ತಳದಲ್ಲಿ ಬಿಳಿ ಪುಡಿ ದಪ್ಪವಾಗಿ ಕೂತರೆ ಆ ಕ್ರೇಯಾನಿಗೆ ಸುಣ್ಣದ ಪುಡಿ ಅಥವಾ ಜೇಡಿ ಜಾಸ್ತಿ ಬೆರೆಸಿದ್ದಾರೆ. ಅದು ಕರಗುತ್ತದೆ, ಆದರೆ ಸರಾಗವಾಗಿ ಹರಿಯುವುದಿಲ್ಲ, ಅರ್ಧ ದಾರಿಯಲ್ಲಿ ಮುದ್ದೆ ಕಟ್ಟುತ್ತದೆ. ಕಡಿಮೆ ಬೆಲೆಯ ಡಬ್ಬಿ ಎಲ್ಲವೂ ಹೀಗೆ ಎಂದಲ್ಲ. ಮೇಣ ಹೆಚ್ಚಾಗಿ ಬಣ್ಣ ಕಡಿಮೆಯಿರುವ ಅಗ್ಗದ ಕ್ರೇಯಾನ್ ಬರೆಯಲು ಸಪ್ಪೆ ಅನ್ನಿಸಿದರೂ ಕರಗಿಸಿದಾಗ ಗಾಜಿನ ಹಾಗೆ ತಿಳಿಯಾಗಿ ಹರಿಯುತ್ತದೆ. ಈ ಕೆಲಸಕ್ಕೆ ಅದೇ ಮೇಲು.

ಚಿಕ್ಕ ಮಗು ಬಾಯಿಗಿಡುವ ವಯಸ್ಸಿನದಾದರೆ ಡಬ್ಬಿಯ ಮೇಲೆ ವಿಷರಹಿತ ಎಂಬ ಮಾತಿನ ಜೊತೆಗೆ ‘ಇಎನ್ 71’ ಎಂಬ ಗುರುತು ಇದೆಯೇ ನೋಡಿ. ಆಟಿಕೆಗಳ ಸುರಕ್ಷತೆಗೆ ಯುರೋಪಿನಲ್ಲಿ ಇಟ್ಟುಕೊಂಡ ಮಾನದಂಡ ಅದು, ಸೀಸದಂಥ ಲೋಹಗಳು ಎಷ್ಟು ಹೊರಬರಬಹುದು ಎಂಬ ಮಿತಿಯೂ ಅದರಲ್ಲಿದೆ. ಕಂಪನಿಯ ಹೆಸರು, ವಿಳಾಸ ಯಾವುದೂ ಇಲ್ಲದ, ಜಾತ್ರೆಯಲ್ಲಿ ಬಿಡಿಬಿಡಿಯಾಗಿ ಮಾರುವ ಕಡ್ಡಿಗಳನ್ನು ಬಿಸಿ ಮಾಡುವ ಕೆಲಸಕ್ಕೆ ತರಬೇಡಿ.

ಎಷ್ಟು ಡಬ್ಬಿ ಬೇಕು?

ಈ ಲೆಕ್ಕವನ್ನು ಯಾರೂ ಮೊದಲೇ ಮಾಡುವುದಿಲ್ಲ, ಆಮೇಲೆ ಅರ್ಧ ಹಲಗೆ ಖಾಲಿ ಉಳಿಯುತ್ತದೆ. ಸಾಮಾನ್ಯ ಮೇಣದ ಕ್ರೇಯಾನ್ ಸುಮಾರು 8 ಮಿಲಿಮೀಟರ್ ದಪ್ಪ. ಹನ್ನೆರಡನ್ನು ಒತ್ತಾಗಿ ಜೋಡಿಸಿದರೆ 96 ಮಿಲಿಮೀಟರ್, ಅಂದರೆ ನಾಲ್ಕು ಇಂಚೂ ಇಲ್ಲ. ಇಪ್ಪತ್ನಾಲ್ಕಕ್ಕೆ ಏಳೂವರೆ ಇಂಚು. ಹಾಗಾಗಿ ಮೊದಲ ಸಲಕ್ಕೆ 8×10 ಇಂಚಿನ ಹಲಗೆ, ಅದರ ಎಂಟಿಂಚಿನ ಅಂಚು ಮೇಲೆ, 24 ಕ್ರೇಯಾನ್. ಈ ಜೋಡಿ ಅಳತೆ ಮಾಡಿಸಿದ ಹಾಗೆ ಕೂರುತ್ತದೆ. 10×12ರ ಹಲಗೆಯಲ್ಲಿ ಹನ್ನೆರಡಿಂಚಿನ ಅಂಚು ತುಂಬಲು 38 ಕಡ್ಡಿ ಬೇಕು. ಅಷ್ಟು ದೊಡ್ಡದು ಮಗುವಿನ ತಾಳ್ಮೆಗೆ ಮೀರಿದ್ದು.

ಹನ್ನೆರಡರ ಎರಡು ಡಬ್ಬಿ ತಂದರೆ ಪ್ರತಿ ಬಣ್ಣವೂ ಎರಡೆರಡು ಸಿಗುತ್ತದೆ, ಅದೇ ವಾಸಿ. ಇಪ್ಪತ್ನಾಲ್ಕರ ಒಂದೇ ಡಬ್ಬಿಯಲ್ಲಿ ಕಂದು, ಬೂದು, ಚರ್ಮದ ಬಣ್ಣಗಳೂ ಸೇರಿರುತ್ತವೆ, ಕರಗಿದಾಗ ಅವು ಮಂಕು. ಜಂಬೋ ಕ್ರೇಯಾನ್ ದಪ್ಪವಿರುವುದರಿಂದ ನಿಧಾನ ಕರಗುತ್ತದೆ, ಹನಿಯೂ ದಪ್ಪ. ಐದು ವರ್ಷದೊಳಗಿನ ಮಗುವಿಗೆ ಕಾಗದ ಬಿಡಿಸಲು ಅದು ಸುಲಭ, ಆದರೆ ಡ್ರೈಯರ್ ಹೊತ್ತು ಹೆಚ್ಚು ಓಡಬೇಕು.

ಬಿಳಿ ಕ್ರೇಯಾನ್ ಬಿಳಿ ಹಲಗೆಯ ಮೇಲೆ ಕಾಣುವುದೇ ಇಲ್ಲ. ಅದನ್ನು ಎಸೆಯುವ ಮೊದಲು ಕಪ್ಪು ಹಲಗೆಯ ಮೇಲೆ ಒಮ್ಮೆ ಬಳಸಿ ನೋಡಿ, ಬೆಳದಿಂಗಳಿನ ಹಾಗೆ ಬರುತ್ತದೆ. ಕಪ್ಪು ಬಣ್ಣ ಮಾತ್ರ ಎರಡು ತುದಿಗಳಲ್ಲಿ ಇರಲಿ, ನಡುವೆ ಇಟ್ಟರೆ ಅಕ್ಕಪಕ್ಕದ ನಾಲ್ಕು ಬಣ್ಣಗಳನ್ನು ನುಂಗುತ್ತದೆ. ಕೆಂಪಿನ ಪಕ್ಕ ಹಸಿರು, ಹಳದಿಯ ಪಕ್ಕ ನೇರಳೆ ಬಂದರೆ ಕೂಡಿದ ಕಡೆ ಕೆಸರು. ಹಳದಿ, ಕಿತ್ತಳೆ, ಕೆಂಪು, ಗುಲಾಬಿ, ನೇರಳೆ, ನೀಲಿ, ಹಸಿರು ಎಂದು ಕಾಮನಬಿಲ್ಲಿನ ಸುತ್ತು ಹಿಡಿದರೆ ಕೂಡಿದಲ್ಲೂ ಬಣ್ಣ ಕೆಡುವುದಿಲ್ಲ. ಈ ಸಾಲು ಜೋಡಿಸುವುದು ಮಗುವಿನ ಕೆಲಸವೇ ಆಗಲಿ. ಎರಡು ಬಣ್ಣ ಕೂಡಿದರೆ ಏನಾಗುತ್ತದೆಂದು ಕಾಗದದ ಮೇಲೆ ಗೀಚಿ ನೋಡಿ ತಾನೇ ಆರಿಸಿದ ಸಾಲು ಕಣ್ಣೆದುರು ಕರಗಿ ಬರುವುದನ್ನು ಕಾಣುವ ಸುಖ ಬೇರೆ ಯಾವ ಕಿಟ್ಟಿನಲ್ಲೂ ಇಲ್ಲ.

ಕಿಟ್ ಎಂದಾಗ ಆ ಮಾತೂ ಹೇಳಿಬಿಡಬೇಕು. ಆನ್‌ಲೈನಿನಲ್ಲಿ ಹಲಗೆ, ಕ್ರೇಯಾನ್, ಅಂಟು ಸೇರಿಸಿ ಒಂದೇ ಪೆಟ್ಟಿಗೆ ಮಾರುತ್ತಾರೆ. ಒಳಗಿರುವುದೆಲ್ಲ ಜಿಲ್ಲಾ ಕೇಂದ್ರದ ಯಾವ ದೊಡ್ಡ ಸ್ಟೇಷನರಿ ಅಂಗಡಿಯಲ್ಲೂ ಬಿಡಿಯಾಗಿ ಸಿಗುವ ಸಾಮಾನು. ಬೇಸಿಗೆಯಲ್ಲಿ ತರಿಸಿದರೆ ಇನ್ನೊಂದು ಅಪಾಯ: ಬಿಸಿಲಲ್ಲಿ ನಿಂತ ಮುಚ್ಚಿದ ವಾಹನದೊಳಗೆ ಮೇಣ ಮೆತ್ತಗಾಗಿ ಕಡ್ಡಿಗಳು ಒಂದಕ್ಕೊಂದು ಕಚ್ಚಿಕೊಂಡು ಬರುತ್ತವೆ. ಬಿಡಿಯಾಗಿ ಕೊಳ್ಳಿ.

ಹಲಗೆ

ಕ್ಯಾನ್ವಾಸ್ ಬೋರ್ಡಿಗೆ ಐದರಲ್ಲಿ ಐದು. ರಟ್ಟಿನ ಮೇಲೆ ಬಟ್ಟೆ ಅಂಟಿಸಿ ಬಿಳಿ ಅಸ್ತರ ಬಳಿದಿರುತ್ತಾರೆ. ಬಟ್ಟೆಯ ಒರಟಿಗೆ ಮೇಣ ಕಚ್ಚಿಕೊಳ್ಳುತ್ತದೆ, ರಟ್ಟು ಬಾಗುವುದಿಲ್ಲ. ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ನೋಡಲು ಚಂದವಾದರೂ ಒತ್ತಿದರೆ ಕುಗ್ಗುತ್ತದೆ, ಒಣಗಿದ ಮೇಣ ಅಲ್ಲಿ ಬಿರುಕು ಬಿಡುತ್ತದೆ. ಮಗುವಿನ ಕೈಗೆ ಬೋರ್ಡೇ ಸರಿ.

ಬಡಗಿಯ ಅಂಗಡಿಯಲ್ಲಿ ಉಳಿದ 3 ಮಿಲಿಮೀಟರಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಚೂರು ಸಿಕ್ಕರೆ ಅದೂ ಒಳ್ಳೆಯದು, ಆದರೆ ಹಾಗೆಯೇ ಬಳಸಿದರೆ ಮೇಣವನ್ನು ಹೀರಿ ಬಣ್ಣ ಕಪ್ಪಿಡುತ್ತದೆ. ಗೋಡೆಗೆ ಬಳಿದು ಉಳಿದ ಬಿಳಿ ಎಮಲ್ಷನ್ ಎರಡು ಕೋಟ್ ಕೊಟ್ಟು ಒಂದು ದಿನ ಒಣಗಿಸಿ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆಗೆ ನೇರವಾಗಿ ಬಣ್ಣ ಹಚ್ಚುವುದಿಲ್ಲ, ಮೊದಲು ಅಸ್ತರ ಕೊಟ್ಟು ಮೈ ಸಮ ಮಾಡಿಕೊಳ್ಳುತ್ತಾರೆ. ಅಲ್ಲಿಗೆ ಹೋದಾಗ ಮಗುವಿಗೆ ಆ ಹಂತವನ್ನು ತೋರಿಸಿದರೆ ಬಿಳಿ ಕೋಟ್ ಏಕೆ ಎಂದು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಡ್ರಾಯಿಂಗ್ ಶೀಟ್ ಸುರುಳಿಯಾಗುತ್ತದೆ, ಹಿಂಬದಿಗೆ ಎಣ್ಣೆಯ ಕಲೆ ಬರುತ್ತದೆ. ಥರ್ಮಾಕೋಲ್ ಬಿಸಿಗಾಳಿಗೆ ಕುಗ್ಗಿ ಗುಳಿ ಬೀಳುತ್ತದೆ. ಶಾಲೆಯ ಪ್ರಾಜೆಕ್ಟಿಗೆ ಬಳಸುವ ಸನ್‌ಬೋರ್ಡ್ ಪಿವಿಸಿಯದು, 80 ಡಿಗ್ರಿ ಹೊತ್ತಿಗೆ ಮೆತ್ತಗಾಗಿ ಬಾಗುತ್ತದೆ. ದಪ್ಪ ಮದುವೆ ಕಾರ್ಡುಗಳ ನಯವಾದ ಲ್ಯಾಮಿನೇಷನ್ ಮೇಲೆ ಮೇಣ ಚೆನ್ನಾಗಿ ಹರಿದು, ಮಾರನೆಯ ದಿನ ಪಟ್ಟಿಪಟ್ಟಿಯಾಗಿ ಏಳುತ್ತದೆ. ಅದರ ಒಳಬದಿ ಒರಟಾಗಿದ್ದರೆ ಅಭ್ಯಾಸಕ್ಕೆ ಸಾಕು.

ಅಂಟಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಫೆವಿಕಾಲ್ ಕಾಗದವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬರಿಯ ಮೇಣವನ್ನು ಹಿಡಿಯುವುದಿಲ್ಲ. ಕಾಗದ ಪೂರ್ತಿ ಬಿಡಿಸಿ ಅಂಟಿಸಿದ ಕಡ್ಡಿಗಳು ಬಿಸಿಯಾಗುತ್ತಲೇ ಒಂದೊಂದಾಗಿ ಕೆಳಗೆ ಜಾರುವುದು ಇದೇ ಕಾರಣಕ್ಕೆ. ಆದ್ದರಿಂದ ಮೇಲಿನ ಅರ್ಧದಲ್ಲಿ ಕಾಗದ ಹಾಗೇ ಇರಲಿ, ಕೆಳಗಿನ ಅರ್ಧ ಮಾತ್ರ ಬಿಡಿಸಿ. ಕೆಳಗಿನ ಭಾಗವನ್ನು ಒಂದು ಹನಿ ಪಾತ್ರೆ ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಅದ್ದಿಟ್ಟರೆ ಕಾಗದ ಸಡಿಲವಾಗುತ್ತದೆ. ಬ್ಲೇಡಿನ ಗೆರೆ ದೊಡ್ಡವರು ಹಾಕಿದರೆ ಸುಲಿಯುವುದು ಮೂರು ವರ್ಷದ ಮಗುವಿಗೂ ಬರುತ್ತದೆ. ಆಮೇಲೆ ಬಟ್ಟೆಯಲ್ಲಿ ಒರೆಸಿ ಎರಡು ತಾಸು ಒಣಗಲು ಬಿಡಿ. ತೇವ ಉಳಿದರೆ ಕರಗುವಾಗ ಗುಳ್ಳೆ ಏಳುತ್ತದೆ. ಹಿಂದಿನ ರಾತ್ರಿ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ದಪ್ಪ ಪುಸ್ತಕವೊಂದನ್ನು ಹೇರಿ ಇಟ್ಟರೆ ಬೆಳಿಗ್ಗೆಗೆ ಸಿದ್ಧ.

ಗ್ಲೂ ಗನ್ ಬೇಗ ಹಿಡಿಯುತ್ತದೆ ನಿಜ. ಆದರೆ ಅದರ ತುದಿ ಮೇಣಕ್ಕಿಂತ ಎಷ್ಟೋ ಹೆಚ್ಚು ಬಿಸಿ, ಮಕ್ಕಳ ಬೆರಳಿಗೆ ಅಪಾಯ. ಡ್ರೈಯರನ್ನು ಹತ್ತಿರ ಹಿಡಿದರೆ ಆ ಅಂಟೂ ಮೆತ್ತಗಾಗುತ್ತದೆ. ಚಪ್ಪಲಿ, ಲೆದರಿಗೆ ಹಚ್ಚುವ ರಬ್ಬರ್ ಅಂಟುಗಳ ಆವಿ ಬೆಂಕಿ ಹಿಡಿಯುವಂಥದ್ದು, ಬಿಸಿ ಕೆಲಸದ ಹತ್ತಿರ ತರಲೇಬೇಡಿ.

ಬಿಸಿ

ಹೇರ್ ಡ್ರೈಯರ್ ಕೊಳ್ಳುವುದಿದ್ದರೆ ವ್ಯಾಟ್ ನೋಡುವ ಮೊದಲು ಗುಂಡಿ ನೋಡಿ. ಕಡಿಮೆ ಬೆಲೆಯ ಬಹಳ ಮಾದರಿಗಳಲ್ಲಿ ಒಂದೇ ಗುಂಡಿ: 1ಕ್ಕೆ ಇಟ್ಟರೆ ಬಿಸಿಯೂ ಗಾಳಿಯೂ ಕಡಿಮೆ, 2ಕ್ಕೆ ಇಟ್ಟರೆ ಎರಡೂ ಜೋರು. ನಮಗೆ ಬೇಕಾಗಿರುವುದು ಜೋರು ಬಿಸಿ, ಮೆಲ್ಲನೆಯ ಗಾಳಿ. ಗಾಳಿ ಜೋರಾದರೆ ಮೇಣ ಹರಿಯುವ ಬದಲು ಸಿಡಿಯುತ್ತದೆ, ಗೋಡೆ, ಪರದೆ, ಮಗುವಿನ ತೋಳು ಎಲ್ಲ ಕಡೆ ಚುಕ್ಕಿ. ಬಿಸಿಗೂ ವೇಗಕ್ಕೂ ಬೇರೆ ಬೇರೆ ಗುಂಡಿ ಇರುವ, ಚಪ್ಪಟೆ ಮೂತಿ ಜೊತೆಗೆ ಕೊಡುವ 1200 ವ್ಯಾಟಿನದು ಸಾಕು. 230 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 5.2 ಆಂಪಿಯರ್, ಮಾಮೂಲಿ 6 ಆಂಪಿಯರ್ ಪ್ಲಗ್ಗಿಗೆ ಸರಿಹೋಗುತ್ತದೆ. 2000 ವ್ಯಾಟಿನದಕ್ಕೆ 8.7 ಆಂಪಿಯರ್ ಬೇಕು, ಗೀಸರಿನ ದೊಡ್ಡ ಪ್ಲಗ್ಗಿಗೇ ಹಾಕಬೇಕು. ಕರೆಂಟು ಖರ್ಚಿನ ಚಿಂತೆ ಬೇಡ: 1200 ವ್ಯಾಟ್ ಕಾಲು ಗಂಟೆ ಓಡಿದರೆ 0.3 ಯೂನಿಟ್.

ಚಿಂತೆ ಮಾಡಬೇಕಾದ್ದು ವೋಲ್ಟೇಜಿನದು. ಹೀಟರ್ ತಂತಿಯ ಶಕ್ತಿ ವೋಲ್ಟೇಜಿನ ವರ್ಗದ ಪ್ರಕಾರ ಇಳಿಯುತ್ತದೆ, ಅಂದರೆ ವೋಲ್ಟೇಜ್ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ. ಎಲ್ಲರ ಮನೆಯ ಕೂಲರ್ ಓಡುವ ಏಪ್ರಿಲ್ ಮಧ್ಯಾಹ್ನ ವೋಲ್ಟೇಜ್ 190ಕ್ಕೆ ಬಿದ್ದರೆ 1200 ವ್ಯಾಟಿನ ಡ್ರೈಯರ್ ಕೊಡುವುದು 820 ವ್ಯಾಟ್ ಮಾತ್ರ. ಬೆಳಿಗ್ಗೆ ಕರಗಿದ ಡಬ್ಬಿಯೇ ಮಧ್ಯಾಹ್ನ ಕರಗದಿದ್ದರೆ ಕಾರಣ ಇದು. ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಮುಂದುವರಿಸಲು ನೋಡಬೇಡಿ. 900 ವಿಎಯ ಸಾಮಾನ್ಯ ಇನ್ವರ್ಟರ್ 700–750 ವ್ಯಾಟಿಗಿಂತ ಹೆಚ್ಚು ಹೊರಲಾರದು, ಓವರ್‌ಲೋಡ್ ಎಂದು ಕೂಗಿ ನಿಲ್ಲುತ್ತದೆ.

ಡ್ರೈಯರ್ ಕೂಡ ನಡುವೆ ತಾನಾಗಿ ನಿಲ್ಲಬಹುದು. ಒಳಗೆ ಅತಿ ಬಿಸಿಯಾದಾಗ ಕಡಿತಗೊಳಿಸುವ ಒಂದು ಸ್ವಿಚ್ ಇರುತ್ತದೆ. 40 ಡಿಗ್ರಿಯ ಕೋಣೆಯಲ್ಲಿ ಅದು ಒಳಗೆಳೆಯುವ ಗಾಳಿಯೇ 40 ಡಿಗ್ರಿ, ಹಿಂದಿನ ಜಾಲರಿಗೆ ಧೂಳು ಕಟ್ಟಿದ್ದರಂತೂ ಮುಗಿಯಿತು. ಜಾಲರಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಸ್ವಚ್ಛ ಮಾಡಿ, ಐದು ನಿಮಿಷ ಓಡಿಸಿ, ಐದು ನಿಮಿಷ ಬಿಡಿ. ನಿಂತಿದ್ದರೆ ಪ್ಲಗ್ ತೆಗೆದು ಕಾಲು ಗಂಟೆ ಕಾದರೆ ಸಾಮಾನ್ಯವಾಗಿ ಮತ್ತೆ ಓಡುತ್ತದೆ.

ಹೀಟ್ ಗನ್ ಬಗ್ಗೆ ನಮ್ಮ ಮಾತು ಒಂದೇ: ಮಗು ಇರುವ ಕೋಣೆಯಲ್ಲಿ ಬೇಡ. ಗಾಡಿಗೆ ಸ್ಟಿಕ್ಕರ್ ಅಂಟಿಸುವವರು ಬಳಸುವ ಈ ಯಂತ್ರದ ಗಾಳಿ ಜೋರಿನಲ್ಲಿ 500 ಡಿಗ್ರಿ ದಾಟುತ್ತದೆ. ಕೆಲಸ ಎರಡೇ ನಿಮಿಷದಲ್ಲಿ ಆಗುತ್ತದೆ ಎಂಬುದು ಹೊಗಳಿಕೆಯಲ್ಲ. ಅಷ್ಟರಲ್ಲಿ ಕಾಗದ ಸುಟ್ಟು, ಮೇಣ ಹೊಗೆಯಾಡಿರುತ್ತದೆ, ಮಗುವಿಗೆ ನೋಡಲು ಏನೂ ಉಳಿದಿರುವುದಿಲ್ಲ.

ಇನ್ನು ಮಾಡುವ ಕ್ರಮ. ದೊಡ್ಡ ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ, ಮೂರು ಗೋಡೆಯ ಗುಡಿಯ ಹಾಗೆ ನಿಲ್ಲಿಸಿ, ಒಳಗೆ ಹಲಗೆಯನ್ನು ಒರಗಿಸಿ. ಸಿಡಿದದ್ದೆಲ್ಲ ಪೆಟ್ಟಿಗೆಗೇ. ಕೆಳಗೆ ಪೇಪರ್ ಮಾತ್ರ ಹಾಸಿದರೆ ಸಾಲದು, ಅದರಡಿ ಪ್ಲಾಸ್ಟಿಕ್ ಹಾಳೆಯೂ ಇರಲಿ. ಶಹಾಬಾದ್ ಫರಸಿಯ ನೆಲ ಬಣ್ಣದ ಮೇಣವನ್ನು ಕುಡಿದುಬಿಟ್ಟರೆ ಕಲೆ ಹೋಗುವುದು ಕಷ್ಟ. ಹಲಗೆ ನೆಟ್ಟಗಿಂತ ಸ್ವಲ್ಪ ಹಿಂದಕ್ಕೆ ವಾಲಿರಲಿ, 70–80 ಡಿಗ್ರಿ. ಮಲಗಿಸಿದರೆ ಗಾಳಿ ಮೇಣವನ್ನು ನಾಲ್ಕೂ ಕಡೆ ಅಟ್ಟುತ್ತದೆ, 45 ಡಿಗ್ರಿಗೆ ಇಟ್ಟರೆ ಹನಿ ದಪ್ಪವಾಗಿ ಅರ್ಧಕ್ಕೆ ನಿಲ್ಲುತ್ತದೆ. ಫ್ಯಾನ್ ಆರಿಸಿ, ಇಲ್ಲದಿದ್ದರೆ ಕರಗಿದ್ದು ಅಲ್ಲೇ ಹೆಪ್ಪುಗಟ್ಟುತ್ತದೆ.

ಡ್ರೈಯರಿನ ಮೂತಿ ಕ್ರೇಯಾನ್ ತುದಿಗಳಿಂದ 10–15 ಸೆಂಟಿಮೀಟರ್ ದೂರ, ಮೇಲಿನಿಂದ ಕೆಳಕ್ಕೆ ಓರೆಯಾಗಿ. ಒಂದು ಕಡೆಯಿಂದ ನಾಲ್ಕೈದು ಕಡ್ಡಿಗಳ ಗುಂಪಿಗೆ ಹಿಡಿಯಿರಿ, ಇಡೀ ಸಾಲಿಗೆ ಆಡಿಸಬೇಡಿ. ಮೊದಲ ಒಂದೆರಡು ನಿಮಿಷ ಏನೂ ಆಗುವುದಿಲ್ಲ, ಇದನ್ನು ಮಗುವಿಗೆ ಮೊದಲೇ ಹೇಳಿಡಿ. ಆಮೇಲೆ ತುದಿಗಳು ಬೆವರಿದ ಹಾಗೆ ಹೊಳೆಯುತ್ತವೆ. ಆ ಹೊಳಪು ಬಂದ ಅರ್ಧ ನಿಮಿಷದಲ್ಲಿ ಮೊದಲ ಹನಿ. ಹರಿಯಲು ಶುರುವಾದ ಮೇಲೆ ಹನಿಯ ಹಿಂದೆ ಡ್ರೈಯರನ್ನು ಓಡಿಸಿಕೊಂಡು ಹೋಗುವುದೇ ಎಲ್ಲರೂ ಮಾಡುವ ತಪ್ಪು. ಗಾಳಿ ಬಡಿದು ಗೆರೆ ಅಡ್ಡಡ್ಡ ಹರಡಿ, ಅಕ್ಕಪಕ್ಕದ ಬಣ್ಣ ಕೂಡಿ, ಚಿತ್ರ ಕಂದಾಗುತ್ತದೆ. ಬಿಸಿ ಯಾವಾಗಲೂ ಕಡ್ಡಿಗೆ, ಗೆರೆಗಲ್ಲ. ಗೆರೆಯನ್ನು ತಿರುಗಿಸಬೇಕೆಂದರೆ ಡ್ರೈಯರ್ ಆರಿಸಿ ಹಲಗೆಯನ್ನೇ ವಾಲಿಸಿ. ಆರಿಸಿದ ಮೇಲೂ ಹನಿ ಒಂದಿಷ್ಟು ಇಳಿಯುತ್ತದೆ, ಅದಕ್ಕೆ ಬೇಕಾದ್ದಕ್ಕಿಂತ ಒಂದು ಬೆರಳು ಮೊದಲೇ ನಿಲ್ಲಿಸಿ.

ಮೂರು-ನಾಲ್ಕು ವರ್ಷದವರು ಸುಲಿಯಲಿ, ಸಾಲು ಜೋಡಿಸಲಿ. ಐದರಿಂದ ಏಳರವರು ಎಲ್ಲಿಗೆ ಬಿಸಿ ಹಿಡಿಯಬೇಕು ಎಂದು ಹೇಳಲಿ, ಡ್ರೈಯರ್ ಆರಿದಾಗ ಹಲಗೆ ವಾಲಿಸಲಿ. ಎಂಟಾದ ಮೇಲೆ ಡ್ರೈಯರ್ ಹಿಡಿಯಬಹುದು, ಅದರ ಮೇಲೆ ದೊಡ್ಡವರ ಕೈ ಇರಲಿ. ನೈಲಾನ್ ಫ್ರಾಕ್ ಬೇಡ, ಹತ್ತಿಯದು ಹಾಕಿ, ಜಡೆ ಹಿಂದಕ್ಕೆ ಕಟ್ಟಿ. 60 ಡಿಗ್ರಿಯ ಮೇಣ ಮಗುವಿನ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ, ಅಂಟಿಕೊಂಡೇ ಇರುವುದರಿಂದ ನೀರಿಗಿಂತ ಹೆಚ್ಚು ಹೊತ್ತು. ಬಿದ್ದರೆ ಕೀಳಬೇಡಿ. ಆ ಜಾಗವನ್ನು ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿಣ, ಮಂಜುಗಡ್ಡೆ ಯಾವುದೂ ಬೇಡ. ಬೊಬ್ಬೆ ಎದ್ದರೆ, ಮುಖಕ್ಕೆ ಬಿದ್ದಿದ್ದರೆ ಡಾಕ್ಟರ ಹತ್ತಿರ ಹೋಗಿ.

ನಡುವೆ ಬಿಳಿ ಆಕಾರ ಉಳಿಸುವ ಚಿತ್ರಗಳೂ ಚೆನ್ನ: ಛತ್ರಿ ಹಿಡಿದ ಮಗು, ಬಳ್ಳಾರಿ ಗುಡ್ಡದ ಅಂಚು, ಮೆಟ್ಟಿಲು ಸಾಲಿನ ಅಂಜನಾದ್ರಿ. ಆಕಾರವನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ, ಸೆಲ್ಲೋ ಟೇಪ್ ಬಿಸಿಗೆ ಸುಕ್ಕಾಗಿ ಅಡಿಗೆ ಮೇಣ ನುಗ್ಗುತ್ತದೆ. ಟೇಪನ್ನು ಮೇಣ ಇನ್ನೂ ಬೆಚ್ಚಗಿರುವಾಗಲೇ ಕೀಳಬೇಕು, ಪೂರ್ತಿ ಗಟ್ಟಿಯಾದ ಮೇಲೆ ಕಿತ್ತರೆ ಅಂಚಿನ ಮೇಣವೂ ಚಕ್ಕೆಯಾಗಿ ಏಳುತ್ತದೆ.

ಡ್ರೈಯರ್ ಇಲ್ಲದಿದ್ದರೆ

ತೀರ ಚಿಕ್ಕವರಿಗೆ ಇಸ್ತ್ರಿ ಪೆಟ್ಟಿಗೆಯ ವಿಧಾನ ಡ್ರೈಯರಿಗಿಂತ ಒಳ್ಳೆಯದು. ಕ್ರೇಯಾನನ್ನು ಶಾರ್ಪನರಿನಲ್ಲಿ ಹೆರೆದು, ಆ ಪುಡಿಯನ್ನು ಎರಡು ಬಟರ್ ಪೇಪರ್ ನಡುವೆ ತೆಳ್ಳಗೆ ಹರಡಿ, ಮೇಲೊಂದು ಖಾಲಿ ಬಿಳಿ ಹಾಳೆ ಇಟ್ಟು, ಇಸ್ತ್ರಿಯನ್ನು ರೇಷ್ಮೆಯ ಗುರುತಿಗೆ ಇಟ್ಟು 10–15 ಸೆಕೆಂಡ್ ಒತ್ತಿ. ಎಳೆಯಬೇಡಿ, ಒತ್ತಿ ಎತ್ತಿ. ಉಗಿ ಇರಬಾರದು. ಮೇಲಿನ ಹಾಳೆಯ ಬದಲು ದಿನಪತ್ರಿಕೆ ಹಾಕಿದರೆ ಅದರ ಮಸಿ ಇಳಿಯುತ್ತದೆ. ಹೆರೆದ ಪುಡಿ ದಪ್ಪವಾದರೆ ಬದಿಯಿಂದ ಹೊರಬಂದು ಇಸ್ತ್ರಿಯ ತಳಕ್ಕೆ ಹತ್ತುತ್ತದೆ, ಒಂದು ಚಮಚಕ್ಕಿಂತ ಹೆಚ್ಚು ಬೇಡ. ಎಲೆಯ ಆಕಾರದಲ್ಲಿ ಕತ್ತರಿಸಿ ಕಿಟಕಿಗೆ ತೂಗಿದರೆ ಬೆಳಕು ಒಳಗಿಂದ ಹಾಯುತ್ತದೆ.

ಆದರೆ ರಾಯಚೂರು ಕಡೆಯವರಿಗೆ ಬಿಸಿಲಿಗಿಂತ ಒಳ್ಳೆಯ ಒಲೆ ಯಾವುದು? ಮೇ ತಿಂಗಳಲ್ಲಿ ನೆರಳಿನಲ್ಲೇ 42 ಡಿಗ್ರಿ ಮುಟ್ಟುವ ದಿನಗಳಿರುತ್ತವೆ, ಮಾಳಿಗೆಯ ಮೇಲೆ ಕಪ್ಪು ತಗಡು ಕೈ ಇಡಲಾರದಷ್ಟು ಕಾಯುತ್ತದೆ. ಅಡುಗೆಗೆ ಮತ್ತೆ ಬಳಸದ ಹಳೆ ಸ್ಟೀಲ್ ಗಂಗಾಳಕ್ಕೆ ಹೊರಗಿನಿಂದ ಕಪ್ಪು ಬಳಿದು, ಒಳಗೆ ಸಿಲಿಕಾನ್ ಅಚ್ಚು ಇಟ್ಟು, ಮುರಿದ ತುಂಡುಗಳನ್ನು ಮುಕ್ಕಾಲು ತುಂಬಿ, ಮೇಲೆ ಗಾಜಿನ ಹಾಳೆ ಮುಚ್ಚಿ. ಹನ್ನೆರಡಕ್ಕೆ ಇಟ್ಟರೆ ಮೂರರೊಳಗೆ ಕರಗುತ್ತದೆ. ಕಲಕಬೇಡಿ, ಕಲಕಿದರೆ ಎಲ್ಲ ಬಣ್ಣ ಒಂದಾಗಿ ಕಂದಾಗುತ್ತದೆ. ತಣ್ಣಗಾದ ಮೇಲೆ ಬಿಡಿಸಿದರೆ ಹಲವು ಬಣ್ಣದ ಹೊಸ ಕ್ರೇಯಾನ್. ಕರೆಂಟು ಬೇಡ, ಬೆಂಕಿ ಬೇಡ. ಇಡೀ ವಿಮರ್ಶೆಯಲ್ಲಿ ನಮಗೆ ತೀರ ಮೆಚ್ಚುಗೆಯಾದ ವಿಧಾನ ಇದೇ. ಗಾಜು ಮತ್ತು ಗಂಗಾಳವನ್ನು ಮುಟ್ಟುವವರು ಮಾತ್ರ ದೊಡ್ಡವರೇ ಆಗಿರಬೇಕು, ಬಟ್ಟೆ ಹಿಡಿದು.

ಗ್ಯಾಸಿನ ಮೇಲೆ ಪಾತ್ರೆಯಿಟ್ಟು ನೇರವಾಗಿ ಕ್ರೇಯಾನ್ ಕರಗಿಸಬೇಡಿ. ಪ್ಯಾರಾಫಿನ್ ಅತಿಯಾಗಿ ಕಾದರೆ ಬೆಂಕಿ ಹಿಡಿಯುತ್ತದೆ, ಹಿಡಿದ ಮೇಲೆ ನೀರು ಹಾಕಿದರೆ ಉರಿಯುವ ಮೇಣ ಮೇಲಕ್ಕೆ ಸಿಡಿಯುತ್ತದೆ. ಕರಗಿಸಲೇಬೇಕಿದ್ದರೆ ನೀರಿನ ಪಾತ್ರೆಯೊಳಗೆ ಲೋಟ ಇಟ್ಟು, ಸಣ್ಣ ಉರಿಯಲ್ಲಿ, ಪಕ್ಕದಲ್ಲಿ ಮುಚ್ಚಳ ಇಟ್ಟುಕೊಂಡು.

ಮಾಡಿದ ಚಿತ್ರ ಉಳಿಯಬೇಕಾದರೆ

ಯಾವ ಕಾಲದಲ್ಲಿ ಮಾಡುವುದು ಎಂಬುದಕ್ಕೂ ಅರ್ಥವಿದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಮೇಣ ಅರ್ಧ ದಾರಿಯಲ್ಲಿ ಹೆಪ್ಪುಗಟ್ಟಿ ಗೆರೆಗಳು ಗಿಡ್ಡವಾಗುತ್ತವೆ. ಮೇ ಮಧ್ಯಾಹ್ನ ನಿಲ್ಲದೆ ಕೆಳಗಿನ ಅಂಚು ದಾಟಿ ಸುರಿಯುತ್ತದೆ. ಬೇಸಿಗೆ ರಜೆಯಲ್ಲಾದರೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ.

ತೂಗುಹಾಕುವ ಜಾಗವೇ ಈ ಚಿತ್ರದ ಆಯುಸ್ಸು. ಮೇಣ ಕರಗುವ ಬಿಸಿಗೆ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಪಡುವಣ ಬಿಸಿಲು ಬೀಳುವ ಗೋಡೆಯಲ್ಲಿ, ತಗಡಿನ ಮನೆಯಲ್ಲಿ, ಸ್ಲ್ಯಾಬಿಗೆ ಹತ್ತಿದ ಸಜ್ಜೆಯ ಮೇಲೆ ಏಪ್ರಿಲ್ ಹೊತ್ತಿಗೆ ಕ್ರೇಯಾನ್‌ಗಳು ಬಾಗಿ, ಗೆರೆಗಳು ಜೋತುಬೀಳುತ್ತವೆ. ಈಜಿಪ್ಟಿನ ಫಾಯೂಮಿನಲ್ಲಿ ಸುಮಾರು 1,900 ವರ್ಷಗಳ ಹಿಂದೆ ಬಿಸಿ ಮೇಣಕ್ಕೆ ಬಣ್ಣ ಬೆರೆಸಿ ಬರೆದ ಮುಖಚಿತ್ರಗಳು ಇಂದಿಗೂ ಹೊಳೆಯುತ್ತಿವೆ. ಆದರೆ ಅವು ಜೇನುಮೇಣದವು, ಅದು ಕರಗಲು 62–64 ಡಿಗ್ರಿ ಬೇಕು, ಜೊತೆಗೆ ಗೋರಿಗಳೊಳಗೆ ಬಿಸಿಲು ಕಾಣದೆ ಇದ್ದವು. ನಮ್ಮ ಪ್ಯಾರಾಫಿನ್ನಿಗೆ ಮನೆಯ ನಡುಗೋಡೆ, ಪಡಸಾಲೆಯ ಒಳಬದಿ ಸರಿಯಾದ ಜಾಗ. ಮಾರ್ಚ್ ಕಳೆಯುತ್ತಲೇ ಇಳಿಸಿ, ಬಟರ್ ಪೇಪರ್ ಮುಚ್ಚಿ, ಕಪಾಟಿನ ಕೆಳಗಿನ ಖಾನೆಯಲ್ಲಿ ಮಲಗಿಸಿಡಿ. ಮೇಲೆ ಏನನ್ನೂ ಹೇರಬೇಡಿ. ಫ್ಲೋರೆಸೆಂಟ್ ಗುಲಾಬಿ, ಹಳದಿಗಳು ಬೆಳಕಿಗೇ ಬೇಗ ಮಾಸುತ್ತವೆ, ಉಳಿಯಬೇಕಾದ ಚಿತ್ರಕ್ಕೆ ಅವು ಬೇಡ.

ಫ್ರೇಮ್ ಹಾಕಿಸುವುದಾದರೆ ಗಾಜು ಬೇಕೇ ಬೇಕು, ಧೂಳಿಗೆ. ಆದರೆ ಫ್ರೇಮಿನವರಿಗೆ ಮೊದಲೇ ಹೇಳಿ: ಕ್ರೇಯಾನಿನ 8 ಮಿಲಿಮೀಟರಿಗಿಂತ ಹೆಚ್ಚು ಅಂತರ ಬಿಡುವ ಪಟ್ಟಿ ಕೊಡಬೇಕು. ಮಾಮೂಲಿ ಫೋಟೋ ಹಾಗೆ ಗಾಜನ್ನು ಒತ್ತಿ ಕೂರಿಸಿದರೆ ಮೊದಲ ಬೇಸಿಗೆಗೇ ಮೇಣ ಗಾಜಿಗೆ ಅಂಟುತ್ತದೆ.

ನೆಲಕ್ಕೆ ಬಿದ್ದ ಮೇಣವನ್ನು ಮಂಜುಗಡ್ಡೆ ಇಟ್ಟು ಗಟ್ಟಿ ಮಾಡಿ ಹಳೆ ಎಟಿಎಂ ಕಾರ್ಡಿನಿಂದ ಕೆರೆಯಿರಿ. ಬಟ್ಟೆಗೆ ಬಿದ್ದಿದ್ದರೆ ಮೇಲೆ ಕೆಳಗೆ ಖಾಲಿ ಕಾಗದ ಇಟ್ಟು ಬೆಚ್ಚಗಿನ ಇಸ್ತ್ರಿ ಒತ್ತಿ, ಕಾಗದ ಬದಲಿಸುತ್ತಾ ಹೋದರೆ ಮೇಣ ಮೇಲೇಳುತ್ತದೆ, ಬಣ್ಣದ ಕಲೆ ಸ್ವಲ್ಪ ಉಳಿಯಬಹುದು. ಮೇಣ ಹತ್ತಿದ ಲೋಟವನ್ನು ಸಿಂಕಿನಲ್ಲಿ ಬಿಸಿನೀರು ಹಾಕಿ ತೊಳೆಯಬೇಡಿ, ಪೈಪಿನ ಬಾಗಿನಲ್ಲಿ ಅದು ಮತ್ತೆ ಗಟ್ಟಿಯಾಗಿ ಕೂರುತ್ತದೆ. ಬಿಸಿಯಿರುವಾಗಲೇ ಪೇಪರಿನಿಂದ ಒರೆಸಿ ಕಸದ ಬುಟ್ಟಿಗೆ ಹಾಕಿ.